ಒಂಬತ್ತು ಗ್ರೇಸ್ ಮಾರ್ಕ್ಸು

ಮೊನ್ನೆ ಗುರುವಾರ ಮಾರ್ಗನ್ ಹಿಲ್ಲಿನಿಂದ ಗಿಲ್‌ರಾಯ್ ಕಡೆಗೆ ಹೋಗುತ್ತಾ ಕಾರಿನ ಕಿಟಕಿ ಇಳಿಸಿದೆ. ಇಳಿಸಿದ್ದೇ ತಡ, ಬೆಳ್ಳುಳ್ಳಿಯ ವಾಸನೆ ಒಳಗೆ ಬಂದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿತು. ಆ ಊರಿನ ಗಾಳಿಯೇ ಹಾಗೆ. ಫ್ರೀವೇ ಮೇಲೆ ಬರುವವರಿಗೆ ಊರಿನ ಬೋರ್ಡು ಕಣ್ಣಿಗೆ ಬೀಳುವ ಮೊದಲೇ ಒಗ್ಗರಣೆ ಮೂಗಿಗೆ ಬೀಳುತ್ತದೆ. ನಾನೋ ಧಾರವಾಡದಲ್ಲಿ ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆಯಲ್ಲಿ ಹುಟ್ಟಿದವಳು. ನಮ್ಮಜ್ಜಿ ಅದರ ಹೆಸರನ್ನೂ ಬಾಯಲ್ಲಿ ತರುತ್ತಿರಲಿಲ್ಲ. "ಆ ಬಿಳೀದು" ಎನ್ನುತ್ತಿದ್ದಳು. ಅಂಥವಳ ಮೊಮ್ಮಗಳಾದ ನಾನು ಈಗ ಆ ವಾಸನೆ ಬಂದರೆ ಕಿಟಕಿ ಏರಿಸುವುದಿಲ್ಲ, ಕಾರಿನ ವೇಗ ಇಳಿಸುತ್ತೇನೆ. ಆ ವಾಸನೆಯ ಹಿಂದೆಯೇ ನನಗೆ ಕೋಚ್ ಕಾಣುತ್ತಾರೆ, ಎಡಗಾಲು ಸ್ವಲ್ಪ ಎಳೆಯುತ್ತಾ, ಕೈಯಲ್ಲಿ ಗಡ್ಡೆಗಳನ್ನು ಸೇರಿಸಿ ಹೆಣೆದ ಒಂದು ಬೆಳ್ಳುಳ್ಳಿ ಜಡೆ ಹಿಡಿದುಕೊಂಡು.

ಕೋಚ್ ಅವರಿಗೂ ಒಂದು ಹೆಸರಿತ್ತು. ಕಾಲೇಜಿನಲ್ಲಿ ಅವರ ಕೋಣೆಯ ಬಾಗಿಲ ಮೇಲೆ ಬರೆದಿತ್ತು. ಆದರೆ ಯಾರೂ ಆ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ಹೆಂಡತಿ ರೋಸಾ ಕೂಡ ಅಡುಗೆಮನೆಯಿಂದ "ಕೋಚ್, ಊಟ!" ಎಂದೇ ಕೂಗುತ್ತಿದ್ದರು. ನಮ್ಮಲ್ಲಿ ಊರಿಗೆ ಮಾಸ್ತರಾದವರು ಕೊನೆಗೆ ಮನೆಗೂ ಮಾಸ್ತರೇ ಆಗಿಬಿಡುತ್ತಾರಲ್ಲ, ಹಾಗೆ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕೋಚ್ ಆಡಿದ್ದೆಲ್ಲ ಇಂಗ್ಲಿಷು, ಸಿಟ್ಟು ಬಂದಾಗ ಸ್ಪ್ಯಾನಿಷು. ಆದರೆ ನನ್ನ ತಲೆಯೊಳಗೆ ಅವರ ಮಾತು ಮೊದಲ ದಿನದಿಂದಲೂ ನಮ್ಮ ಶಾಲೆಯ ಡ್ರಿಲ್ ಮಾಸ್ತರರ ಕನ್ನಡದಲ್ಲೇ ಇಳಿದಿದೆ. ಅದೇ ಒಡಕು ಗಂಟಲು, ಅದೇ ಕೊರಳಿನ ಸೀಟಿ, ಅದೇ ಸೀಟಿಯನ್ನು ಮುಂದಕ್ಕೆ ದಬ್ಬುವ ಹೊಟ್ಟೆ. ಆದ್ದರಿಂದ ಇಲ್ಲಿ ಅವರನ್ನು ಆ ಕನ್ನಡದಲ್ಲೇ ಮಾತಾಡಿಸುತ್ತೇನೆ. ಇಂಗ್ಲಿಷಿನಲ್ಲಿ ಮಾತಾಡಿಸಿದರೆ ನನಗೇ ಅವರ ಗುರುತು ಸಿಗುವುದಿಲ್ಲ.

ನಾನು ಗಿಲ್‌ರಾಯ್‌ನ ಕಾಲೇಜಿಗೆ ಗಣಿತ ಕಲಿಸಲು ಸೇರಿದಾಗ ಅಲ್ಲಿ ಫುಟ್‌ಬಾಲ್ ತಂಡವಿದೆ ಎಂದು ಕೇಳಿ ಸಂತೋಷಪಟ್ಟಿದ್ದೆ. ನಮ್ಮಣ್ಣ ಬರಿಗಾಲಲ್ಲಿ ಆಡುತ್ತಿದ್ದ ಆಟ, ನಮಗೇನು ಹೊಸದೇ? ಮೈದಾನಕ್ಕೆ ಹೋಗಿ ನೋಡಿದರೆ ಅರ್ಧ ಗಂಟೆ ಯಾರೂ ಚೆಂಡಿಗೆ ಕಾಲು ತಾಗಿಸಲಿಲ್ಲ. ಸುಲಿಯದ ತೆಂಗಿನಕಾಯಿಯಂಥದ್ದೊಂದನ್ನು ಎದೆಗೆ ಅವಚಿಕೊಂಡು ಒಬ್ಬ ಓಡುತ್ತಾನೆ, ಉಳಿದವರು ಅವನ ಮೇಲೆ ಬೀಳುತ್ತಾರೆ. ಎದ್ದು, ಮೈ ಕೊಡವಿಕೊಂಡು, ಗುಂಪು ಕಟ್ಟಿ ಗುಸುಗುಸು ಮಾತಾಡಿಕೊಂಡು, ಮತ್ತೆ ಬೀಳುತ್ತಾರೆ. ಪಕ್ಕದಲ್ಲಿ ನಿಂತಿದ್ದ ಕೋಚ್ ಅವರನ್ನು, "ಕಾಲಿನಿಂದ ಯಾವಾಗ ಆಡ್ತಾರ?" ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ಕಾಲಿನಿಂದಾನ ಆಡಾಕತ್ತಾರಲ್ರೀ, ಓಡೂದು ಮತ್ತ್ಯಾದರಿಂದ?" ಅಂದರು.

ಶನಿವಾರ ಬೆಳಿಗ್ಗೆ ಮೈದಾನಕ್ಕೆ ಬಿಳಿ ಗೆರೆ ಎಳೆಯುವ ತಳ್ಳುಗಾಡಿಯನ್ನು ಅವರೇ ತಳ್ಳುತ್ತಿದ್ದರು. ಹುಡುಗರ ಅಂಗಿಗಳನ್ನು ಅವರೇ ಒಗೆಯುವ ಮೆಷಿನ್ನಿಗೆ ತುಂಬುತ್ತಿದ್ದರು. ಒಮ್ಮೆ ಆ ಗೆರೆಗಳನ್ನು ನೋಡಿ, "ನಮ್ಮ ಊರಾಗ ಮನಿ ಮುಂದ ಹೀಂಗ ದಿನಾ ಹಾಕ್ತೀವಿ" ಅಂದೆ. "ದಿನಾ ಹಾಕ್ತೀರಿ? ಮತ್ತ ಆಟ ಯಾವಾಗ್ರೀ?" ಅಂದರು ಕೋಚ್, ನಿಜವಾದ ಕುತೂಹಲದಿಂದ.

ಅವರ ಅಪ್ಪ ಅಮ್ಮ ಗಿಲ್‌ರಾಯ್ ಹೊಲಗಳಲ್ಲಿ ಬೆಳ್ಳುಳ್ಳಿ ಕಿತ್ತವರು. ಕೋಚ್ ಇದೇ ಕಾಲೇಜಿನಲ್ಲಿ ಆಡಿ, ದೊಡ್ಡ ಯೂನಿವರ್ಸಿಟಿಗೆ ಹೋಗಿ, ಎರಡನೆಯ ವರ್ಷ ಮೊಣಕಾಲು ಮುರಿದುಕೊಂಡು ವಾಪಸು ಬಂದವರು. ಆಮೇಲೆ ಬೇಸಿಗೆಯಲ್ಲಿ ಟೊಮ್ಯಾಟೊ ಲಾರಿ ಓಡಿಸುತ್ತಾ, ಉಳಿದ ಕಾಲ ಇನ್ನೊಬ್ಬರ ಕೈಕೆಳಗೆ ಸಹಾಯಕರಾಗಿ ದುಡಿಯುತ್ತಾ, ತಲೆ ಅರ್ಧ ಬೆಳ್ಳಗಾದ ಮೇಲೆ ಮುಖ್ಯ ಕೋಚ್ ಆದರು. ಒಮ್ಮೆ ದೊಡ್ಡ ಯೂನಿವರ್ಸಿಟಿಯೊಂದರಿಂದ ಕೋಚ್ ಆಗಲು ಕರೆ ಬಂದು ಹೋಗಿದ್ದರಂತೆ. ಒಂದೇ ವರ್ಷಕ್ಕೆ ತಿರುಗಿ ಬಂದರು. ಯಾಕೆ ಅಂದರೆ, "ಅಲ್ಲಿ ಹುಡುಗರು ತಯಾರಾಗೇ ಬರ್ತಾರ್ರೀ. ನಾ ನಿಂತು ನೋಡೂದಷ್ಟ ಕೆಲಸ." ಎಷ್ಟು ಆಟ ಗೆದ್ದಿರಿ ಎಂದು ಕೇಳಿದರೆ ಅವರಿಗೆ ನೆನಪಿರುತ್ತಿರಲಿಲ್ಲ. ಯಾವ ಹುಡುಗ ಇಲ್ಲಿಂದ ಎಲ್ಲಿಗೆ ಹೋದ, ಅಲ್ಲಿ ಏನು ಓದಿದ, ಅವನಿಗೆ ಇಂಗ್ಲಿಷ್ ಕಲಿಸಿದ ಟೀಚರು ಯಾರು, ಇಷ್ಟೂ ಬಾಯಿಪಾಠ.

ಯಾಕೆಂದರೆ ಪ್ರತಿ ಬುಧವಾರ ಅವರು ನಮ್ಮೆಲ್ಲರ ಕೋಣೆಗೆ ಬರುತ್ತಿದ್ದರು. ಕೈಯಲ್ಲಿ ಅಂಚು ಮುದುಡಿದ ನೋಟುಪುಸ್ತಕ. ಒಬ್ಬೊಬ್ಬ ಹುಡುಗನ ಬಗ್ಗೆಯೂ ಮೂರೇ ಪ್ರಶ್ನೆ. "ದಿನಾ ಬರ್ತಾನೇನ್ರೀ? ಮುಂದ ಕುಂದರ್ತಾನೋ ಹಿಂದೋ? ತಿಳೀಲಿಲ್ಲ ಅಂದ್ರ ಕೈ ಎತ್ತತಾನೇನು?" ಅಷ್ಟು ಬರೆದುಕೊಂಡು ಎದ್ದುಬಿಡುತ್ತಿದ್ದರು. ಇದರ ಜೊತೆಗೆ ಅವರದೇ ಒಂದು ಕಾನೂನು. ಕಾಲೇಜಿನದಲ್ಲ, ಅವರದು. ಯಾವ ಪರೀಕ್ಷೆಯಲ್ಲಾದರೂ ನೂರಕ್ಕೆ ಎಪ್ಪತ್ತು ಬಾರದವನು ಮುಂದಿನ ಶನಿವಾರ ಆಡುವಂತಿಲ್ಲ, ಬೆಂಚಿನ ಮೇಲೆ ಕೂರಬೇಕು.

ಇದರಲ್ಲಿ ಹೆಚ್ಚಿನದು ನನಗೆ ಆಮೇಲೆ ತಿಳಿದದ್ದು. ಅವರು ನನ್ನ ಕೋಣೆಗೆ ಮೊದಲ ಸಲ ಬಂದಾಗ ನನಗೆ ಗೊತ್ತಿದ್ದದ್ದು ಹುಡುಗರ ಬಾಯಲ್ಲಿ ಕೇಳಿದ ಆ ಎಪ್ಪತ್ತು, ಉಳಿದಂತೆ ಧಾರವಾಡ ಮಾತ್ರ.

ನಮ್ಮಪ್ಪ ಪರೀಕ್ಷಕರಾಗಿದ್ದರು. ಪೇಪರು ತಿದ್ದುವ ತಿಂಗಳಲ್ಲಿ ನಮ್ಮ ಮನೆಗೆ ಪೇಢೆ ಬರುತ್ತಿತ್ತು. ತಂದವರು ಮಾರ್ಕ್ಸಿನ ಮಾತೇ ಎತ್ತುತ್ತಿರಲಿಲ್ಲ. ಬಿಸಿಲು, ನೀರು, ಯಾರದೋ ಮದುವೆ. ಹೊರಡುವಾಗ ಚಪ್ಪಲಿಗೆ ಕಾಲು ತೂರಿಸುತ್ತಾ, "ನಮ್ಮ ಹುಡುಗ ಒಬ್ಬಂವ ಇದ್ದಾನ್ರಿ, ಛಲೋ ಹುಡುಗ" ಅಷ್ಟೇ. ಅಪ್ಪ ಪೇಢೆಯನ್ನು ಅವರ ಕೈಗೇ ತಿರುಗಿ ಕೊಡುತ್ತಿದ್ದರು, ನಾನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ಅಪ್ಪನ ಗಟ್ಟಿತನ ನನಗೆ ಬರಲಿಲ್ಲ. ಆಡದ ಮಾತನ್ನು ಅರ್ಥಮಾಡಿಕೊಳ್ಳುವ ವಿದ್ಯೆ ಮಾತ್ರ ಚೆನ್ನಾಗಿ ಬಂತು. ಮುಂದೆ ಧಾರವಾಡದಲ್ಲೇ ಕಾಲೇಜಿನಲ್ಲಿ ಕಲಿಸುವಾಗ ನಾಲ್ಕೈದು ಅಂಕಕ್ಕಾಗಿ ಹುಡುಗರ ವರ್ಷ ಹಾಳಾಗಬಾರದೆಂದು ಗ್ರೇಸ್ ಮಾರ್ಕ್ಸು ಕೊಡುವುದನ್ನೂ ಕಲಿತೆ. ಅದನ್ನು ನಾನು ಕರುಣೆ ಎಂದೇ ತಿಳಿದಿದ್ದೆ.

ಹೀಗಿರುವ ನನ್ನ ಮೇಜಿನ ಮೇಲೆ ಕೋಚ್ ಒಂದು ಬೆಳ್ಳುಳ್ಳಿ ಜಡೆ ಇಟ್ಟರು. "ತಮ್ಮನ ಹೊಲದ್ದು. ತಗೋರಿ ಪ್ರೊಫೆಸರ್." ಕೂತರು. ಬಿಸಿಲಿನ ಮಾತಾಡಿದರು. ಮೊಣಕಾಲಿನ ಮಾತಾಡಿದರು. ಆಮೇಲೆ, "ನಿಮ್ಮ ಕ್ಲಾಸಿನ್ಯಾಗ ಮಾರ್ಕೋ ಅಂತ ಹುಡುಗ ಅದಾನಲ್ರೀ, ಹೆಂಗದಾನ? ಛಲೋ ಹುಡುಗ. ಈ ಶನಿವಾರ ದೊಡ್ಡ ಆಟ ಐತಿ, ಯೂನಿವರ್ಸಿಟಿಯಿಂದ ಮಂದಿ ಅವನ್ನ ನೋಡಾಕ ಬರಾಕತ್ತಾರ" ಅಂದರು.

ನೀವೇ ಹೇಳಿ, ಇದಕ್ಕಿಂತ ಸ್ಪಷ್ಟವಾಗಿ ಯಾರಾದರೂ ಹೇಳಲು ಸಾಧ್ಯವೇ?

ಮಾರ್ಕೋ ತೆಂಗಿನಕಾಯಿ ಹೊತ್ತು ಓಡುವ ಹುಡುಗ. ಹತ್ತೊಂಬತ್ತು ವರ್ಷ, ಬಾಗಿಲು ತುಂಬುವ ಭುಜ, ಮಾತು ಕಡಿಮೆ. ನಮ್ಮದು ಎರಡು ವರ್ಷದ ಕಾಲೇಜು. ಇಲ್ಲಿಂದ ದೊಡ್ಡ ಯೂನಿವರ್ಸಿಟಿಗೆ ಹೋಗಲು ಅವನಂಥವರಿಗೆ ಇದ್ದ ದಾರಿ ಒಂದೇ: ಅಲ್ಲಿಯವರು ನೋಡಲು ಬಂದ ದಿನ ಮೈದಾನದಲ್ಲಿರುವುದು. ಅವರು ಒಪ್ಪಿದರೆ ಓದು, ಊಟ, ಇರುವ ಜಾಗ ಎಲ್ಲ ಅವರದೇ. ಅವನ ಪೇಪರು ತಿದ್ದಿದೆ. ಅರವತ್ತೊಂದು. ಜಡೆಯನ್ನು ನೋಡಿದೆ. ಮೇಲೆ ಎಪ್ಪತ್ತು ಎಂದು ಬರೆದು ಕೆಳಗೆ ಗೆರೆ ಎಳೆದು, ಸಂಜೆಯೇ ಪೇಪರನ್ನು ಅವನ ಕೈಗೆ ಕೊಟ್ಟೆ. ಆ ರಾತ್ರಿ ಬಹಳ ಒಳ್ಳೆಯವಳಂತೆ ನಿದ್ದೆ ಮಾಡಿದೆ.

ಗುರುವಾರ ಬೆಳಿಗ್ಗೆ ಕೋಚ್ ಆ ಪೇಪರು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಗಣಿತದ ಪ್ರೊಫೆಸರಿಗೆ ಇದನ್ನು ಹೇಗೆ ಹೇಳುವುದೆಂಬ ಸಂಕೋಚ ಅವರ ಮುಖದಲ್ಲಿ.

"ಸಿಟ್ಟಾಗಬ್ಯಾಡ್ರಿ. ಟೋಟಲ್ ತಪ್ಪೈತಿ. ಮೂರು ಸರ್ತಿ ಕೂಡಿಸೀನಿ, ಅರವತ್ತೊಂದ ಬರತೈತಿ."

"ತಪ್ಪಲ್ಲ ಕೋಚ್," ಅಂದೆ ನಾನು ದೊಡ್ಡ ಮನಸ್ಸಿನಿಂದ. "ಒಂಬತ್ತು ಗ್ರೇಸ್."

"ಗ್ರೇಸ್? ಊಟಕ್ಕ ಕುಂತಾಗ ಕಣ್ಣು ಮುಚ್ಚಿ ಹೇಳ್ತೀವಲ್ಲ, ಆ ಗ್ರೇಸಾ?"

ಅವರ ಇಂಗ್ಲಿಷಿನಲ್ಲಿ ಆ ಪದಕ್ಕೆ ಊಟಕ್ಕೆ ಮುಂಚಿನ ಪ್ರಾರ್ಥನೆ ಎಂದು ಅರ್ಥ. ನಾನು ಬಿಡಿಸಿ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ದನಿ ಸಣ್ಣದಾಯಿತು. "ನೀವ ಬಂದ್ರಿ, ಬೆಳ್ಳುಳ್ಳಿ ತಂದ್ರಿ, ಶನಿವಾರದ ಮಾತು ತಗದ್ರಿ..."

"ಅಯ್ಯ, ಬೆಳ್ಳುಳ್ಳಿ ನಾ ಎಲ್ಲಾರಿಗೂ ಕೊಡ್ತೀನ್ರೀ! ಕೆಮಿಸ್ಟ್ರಿಯವರಿಗೂ ಕೊಟ್ಟೀನಿ, ಗೇಟಿನಾಗ ಕುಂದರಾಂವಗೂ ಕೊಟ್ಟೀನಿ. ಹುಡುಗ ಹೆಂಗದಾನ ಅಂತ ಕೇಳಿದ್ದು, ಹೆಂಗದಾನ ಅಂತ ತಿಳಕೊಳ್ಳಾಕ."

ಮನೆಗೆ ಹೋಗಿ ಹೇಳಿದರೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನಾ ರೆಡ್‌ವುಡ್ ಸಿಟಿಗೆ ಕೆಲಸಕ್ಕೆ ಹೋಗಿಬಂದು ಸುಸ್ತಾದ ಮನುಷ್ಯ, ಬೂಟು ಕೂಡ ಬಿಚ್ಚದೆ ನಕ್ಕರು. "ವಿಮಾನ ಹತ್ತಿ ಬಂದು ಎಷ್ಟು ವರ್ಷಾತು, ನೀ ಇನ್ನೂ ಧಾರವಾಡದಾಗ ಕೂತು ಪೇಪರ್ ತಿದ್ಲಿಕ್ಕತ್ತೀಯಲ್ಲ ಮಾರಾಯ್ತಿ!"

ಇಲ್ಲಿಯವರೆಗಿನ ಕಥೆಯನ್ನು ನಾನು ಎಷ್ಟು ಮನೆಗಳ, ಎಲ್ಲರೂ ಒಂದೊಂದು ಅಡುಗೆ ತರುವ, ಪಾಟ್‌ಲಕ್ಕಿನಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. "ಆ ಬೆಳ್ಳುಳ್ಳಿ ಲಂಚದ ಕಥೆ ಹೇಳ್ರಿ" ಎಂದು ಜನ ಕೇಳಿ ಹೇಳಿಸುತ್ತಾರೆ. ಬೆಂಗಳೂರಿನವರೂ ನಗುತ್ತಾರೆ, ಹುಬ್ಬಳ್ಳಿಯವರೂ ನಗುತ್ತಾರೆ, ಕನ್ನಡ ಅರ್ಧ ತಿಳಿಯುವ ಮಕ್ಕಳೂ ನಗುತ್ತಾರೆ. ಪ್ರತಿ ಸಲವೂ ನಾನು ಇಲ್ಲಿಗೇ ನಿಲ್ಲಿಸಿದ್ದೇನೆ. ಇವತ್ತು ನಿಲ್ಲಿಸುವುದಿಲ್ಲ.

ಆ ಗುರುವಾರ ಬೆಳಿಗ್ಗೆ ನನ್ನ ಕೋಣೆಯಲ್ಲಿ ಕೋಚ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ಅಂದ್ರ ಅವಂಗ ಲೆಕ್ಕ ಬರೂದಿಲ್ಲ."

"ಭಿನ್ನರಾಶಿ ಬಂದ ಕೂಡ್ಲೆ ತಪ್ಪತಾನ."

"ಬರೂದಿಲ್ಲ ಅನ್ನೂದು ಅವಂಗ ಗೊತ್ತೈತೇನು?"

ಗೊತ್ತಿರಲಿಲ್ಲ. ಎಪ್ಪತ್ತು ನೋಡಿ ಹುಡುಗ ತನ್ನ ತಾಯಿಗೆ ಫೋನು ಮಾಡಿ ಹೇಳಿಯಾಗಿತ್ತು. "ಇದೊಂದು ಸಲ ಬಿಟ್ಟುಬಿಡ್ರಿ ಕೋಚ್. ಶನಿವಾರ ಆಡ್ಲಿ. ಆಮ್ಯಾಲೆ ನಾ ಕೂಡ್ರಿಸಿಕೊಂಡು ಕಲಿಸ್ತೀನಿ."

"ಹೋದ ವರ್ಷ ಇಬ್ಬರನ್ನ ಬೆಂಚಿಗೆ ಕುಂದರಿಸೀನ್ರೀ. ಒಬ್ಬನ ತಾಯಿ ಬಂದು ಅತ್ತಳು. ಅವರಿಗೆ ಏನಂತ ಹೇಳ್ಲಿ? ಮಾರ್ಕೋ ಜೋರು ಓಡ್ತಾನ, ಅದಕ್ಕ ಅಂವಗ ಕಾನೂನು ಇಲ್ಲ ಅನ್ಲೇನು?" ಎದ್ದು ಬಾಗಿಲ ತನಕ ಹೋದವರು ತಿರುಗಿದರು. "ನಾಳೆ ಇನ್ನೊಂದು ಪರೀಕ್ಷೆ ಕೊಡ್ರಿ. ಆದರ ಈಗ ಬರ್ರಿ. ಇದನ್ನ ನೀವ ಅವಂಗ ಹೇಳಬೇಕು."

ಮೈದಾನದ ಅಂಚಿನಲ್ಲಿ ನಿಂತು ಹೇಳಿದೆ. ನಮ್ಮ ಕಡೆಯ ಪದ್ಧತಿ, ನಾನು ತಿಳಿದುಕೊಂಡ ರೀತಿ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಎಲ್ಲ ಹೇಳಿದೆ. ಮಾರ್ಕೋ ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಿಸುತ್ತಾ ಕೇಳಿದ. ಅವನ ಮಾತೂ ನನಗೆ ಅದೇ ಕನ್ನಡದಲ್ಲಿ ನೆನಪಿದೆ.

"ನಾ ಕೇಳಿದ್ನೇನ್ರೀ? ನೀವ ಕೊಟ್ರಿ. ಈಗ ನೀವ ಕಸಗೊಳ್ಳಾಕತ್ತೀರಿ. ನಡುವ ನಾ ಏನ್ ಮಾಡಿದೆ?"

ಇಷ್ಟು ವರ್ಷ ಪಾಠ ಹೇಳಿದ್ದೇನೆ. ಇಷ್ಟು ಸರಿಯಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನಗೆ ಕೇಳಿಲ್ಲ.

ಶುಕ್ರವಾರ ಬೆಳಗಿನಿಂದ ಅಂಗಿ ಒಗೆಯುವ ಕೋಣೆಯಲ್ಲಿ ಕೂತು ಅವನಿಗೆ ಭಿನ್ನರಾಶಿ ಕಲಿಸಿದೆ. ಬೇರೆ ಕೋಣೆ ಖಾಲಿ ಇರಲಿಲ್ಲ. ಮೂರು ಮೆಷಿನ್ನುಗಳ ಗಡಗಡ, ಸಾಬೂನು ಮತ್ತು ಬೆವರಿನ ವಾಸನೆ. ಕೋಚ್ ಪಕ್ಕದಲ್ಲಿ ಅಂಗಿ ಮಡಚುತ್ತಾ ತಾವೂ ಕಲಿತರು. "ಈ ಎಕ್ಸ್ ಅನ್ನೂದು ಯಾಂವ ಅಂತ ಮೊದಲ ಹೇಳಿಬಿಟ್ರ ನಿಮ್ಮ ಗಂಟೇನು ಹೋಗ್ತೈತ್ರಿ?" ಎಂದು ಅವರು ಕೇಳಿದಾಗ ಮಾರ್ಕೋ ಮೊದಲ ಸಲ ನಕ್ಕ. ಹುಡುಗ ದಡ್ಡನಲ್ಲ. ಹಿಂದೆ ಎಲ್ಲೋ ಒಬ್ಬ ಟೀಚರು ಅವನಿಗೆ ತಿಳಿಯಲಿಲ್ಲ ಎಂಬುದನ್ನು ನೋಡದೆ ಮುಂದಕ್ಕೆ ದಾಟಿಸಿದ್ದರು. ಅವರ ನಂತರ ಇನ್ನೊಬ್ಬರು. ಕೊನೆಯವಳು ನಾನು.

ಸಂಜೆ ನಾಲ್ಕಕ್ಕೆ ಪರೀಕ್ಷೆ ಮುಗಿಯಿತು. ತಿದ್ದಿದೆ. ಅರವತ್ತಾರು. ಭಿನ್ನರಾಶಿಯೆಲ್ಲ ಸರಿ, ವಾಕ್ಯರೂಪದ ಎರಡು ಲೆಕ್ಕ ತಪ್ಪು. ನಾಲ್ಕೇ ಅಂಕ. ಕೋಚ್ ಒಳಗೆ ಬರಲಿಲ್ಲ. ಕಿಟಕಿಯಾಚೆ ನನಗೆ ಬೆನ್ನು ಹಾಕಿ ನಿಂತಿದ್ದರು, ಬೇಕೆಂದೇ ಹಾಗೆ ನಿಂತಿದ್ದರು. ಪೆನ್ನು ಇಷ್ಟು ಭಾರವಾದದ್ದನ್ನು ನಾನು ಕಂಡಿರಲಿಲ್ಲ. ಅರವತ್ತಾರು ಎಂದೇ ಬರೆದೆ. ಕೋಚ್ ಪೇಪರು ನೋಡಿದರು, ಮಾರ್ಕೋನ ಹೆಗಲ ಮೇಲೆ ಕೈಯಿಟ್ಟರು. ಅವನು ಆ ಕೈ ಸರಿಸಿ ಹೆಲ್ಮೆಟ್ಟನ್ನು ಕಪಾಟಿನಲ್ಲಿಟ್ಟು ಹೊರಟ.

ಶನಿವಾರ ಅವನು ಮಾಮೂಲಿ ಬಟ್ಟೆಯಲ್ಲಿ ಬೆಂಚಿನ ಮೇಲೆ ಕೂತಿದ್ದ. ಕೋಚ್ ಅವರ ಸಹಾಯಕರೇ ಅವರ ಮೇಲೆ ಕೂಗಾಡಿದರು. ಯೂನಿವರ್ಸಿಟಿಯಿಂದ ಒಂದೇ ಬಣ್ಣದ ಟೋಪಿ ಹಾಕಿದ ಮೂವರು ಬಂದು, ಯಾರನ್ನೋ ಏನೋ ಕೇಳಿ, ಅರ್ಧ ಆಟಕ್ಕೂ ನಿಲ್ಲದೆ ಎದ್ದರು. ಆಗ ನಾನು ನೋಡಿದ್ದನ್ನು ನಿಮಗೆ ಹೇಳಬೇಕು. ಕೋಚ್ ಆಟವನ್ನು ಸಹಾಯಕರ ಕೈಗೆ ಬಿಟ್ಟು, ಆ ಮುರಿದ ಮೊಣಕಾಲಿನಲ್ಲೇ ಪಾರ್ಕಿಂಗ್ ಲಾಟಿನವರೆಗೆ ಓಡಿದರು. ಕೈಯಲ್ಲಿ ಮಾರ್ಕೋ ಆಡಿದ ಆಟಗಳ ಡಿಸ್ಕು. ಕಾರಿನ ಕಿಟಕಿಯ ಹತ್ತಿರ ಬಾಗಿ, ಟೋಪಿ ತೆಗೆದು, ಏನೋ ಹೇಳುತ್ತಿದ್ದರು. ನನ್ನ ಹತ್ತಿರ ಒಂದು ಅಂಕವನ್ನೂ ಕೇಳದ ಮನುಷ್ಯ ಅಲ್ಲಿ ಬೇಡುತ್ತಿದ್ದರು. ಕಾರಿನವರು ಡಿಸ್ಕು ತೆಗೆದುಕೊಂಡರು. ಯಾವತ್ತೂ ಕರೆ ಮಾಡಲಿಲ್ಲ.

ಆ ದಿನ ನಮ್ಮ ತಂಡ ಸೋತಿತು. ಸೋಮವಾರ ಮಾರ್ಕೋ ಬರಲಿಲ್ಲ. ಮಾಮನ ಟೈರ್ ಅಂಗಡಿ ಸೇರಿದ ಎಂದು ತಿಳಿಯಿತು. ಆ ಚಳಿಗಾಲವಿಡೀ ಕೋಚ್ ಪ್ರತಿ ಭಾನುವಾರ ಅವನ ಮನೆಗೆ ಹೋದರು. ತಾಯಿ ಬಾಗಿಲು ತೆರೆಯುತ್ತಿದ್ದಳು, ಮಗ ಹೊರಗೆ ಬರುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಎಷ್ಟೋ ಹುಡುಗರು ಅವರ ಕೈಯಿಂದ ದಾಟಿಹೋದರು. ಒಬ್ಬ ಡಾಕ್ಟರಾದ, ಇಬ್ಬರು ತಾವೇ ಕೋಚುಗಳಾದರು. ನಾನು ಯಾರನ್ನಾದರೂ ಹೊಗಳಿದರೆ ಕೋಚ್ ತಲೆಯಾಡಿಸಿ ಬೇರೆ ಮಾತಿಗೆ ಹೋಗುತ್ತಿದ್ದರು. ಒಂದೇ ಒಂದು ಸಲ, ಗೆರೆ ಎಳೆಯುತ್ತಾ ಎಳೆಯುತ್ತಾ, ನಾನು ಏನೂ ಕೇಳದೆಯೇ ಅಂದರು: "ಕಾನೂನು ನಂದ ಇತ್ತಲ್ರೀ. ಬೇಕಂದ್ರ ಮುರೀಬಹುದಿತ್ತು." ಗಾಡಿ ತಳ್ಳಿಕೊಂಡು ಮುಂದೆ ಹೋದರು. ಗೆರೆ ಮಾತ್ರ ನೆಟ್ಟಗೇ ಇತ್ತು.

ಈಗ ಅವರು ನಿವೃತ್ತರಾಗಿ ಮೂರು ವರ್ಷ. ಎರಡೂ ಮೊಣಕಾಲು ಹೋಗಿ ಗಾಲಿಕುರ್ಚಿಗೆ ಬಂದಿದ್ದಾರೆ. ಅವರು ಕೆಲಸ ಬಿಟ್ಟ ಮೇಲೆ ನಾನು ಮೈದಾನದ ಕಡೆ ಕಾಲಿಟ್ಟಿರಲಿಲ್ಲ. ಈ ಸೆಮಿಸ್ಟರಿನಲ್ಲಿ ನನಗೆ ಗುರುವಾರ ಮಧ್ಯಾಹ್ನ ಕ್ಲಾಸಿಲ್ಲ. ಅವರನ್ನು ಅಭ್ಯಾಸದ ಹೊತ್ತಿಗೆ ಮೈದಾನಕ್ಕೆ ಕರೆದುಕೊಂಡು ಹೋಗೋಣವೆಂದು ಮೊನ್ನೆ ಹೊರಟಿದ್ದೆ, ಯಾರಿಗೂ ಹೇಳದೆ. ಅವರ ಮನೆಯ ಮುಂದೆ ಆಗಲೇ ಒಂದು ಹಳೆಯ ಪಿಕಪ್ ಟ್ರಕ್ ನಿಂತಿತ್ತು. ಅಗಲ ಭುಜದ, ಗಡ್ಡದಲ್ಲಿ ಒಂದೆರಡು ಬಿಳಿಗೂದಲಿನ ಒಬ್ಬಾತ ಕೋಚ್ ಅವರನ್ನು ಕುರ್ಚಿಯಿಂದ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದ. ನನ್ನನ್ನು ನೋಡಿ ಸೊಂಟ ನೆಟ್ಟಗೆ ಮಾಡಿದ.

"ಪ್ರೊಫೆಸರ್," ಅಂದ ಮಾರ್ಕೋ.

ಎರಡು ವರ್ಷದಿಂದ ದಿನಾ ಬರುತ್ತಾನೆ ಎಂದು ಬಾಗಿಲಲ್ಲಿ ನಿಂತ ರೋಸಾ ಹೇಳಿದರು. ಅವರ ಕಾರಿಗೆ ಟೈರು ಹಾಕಲು ಬಂದವನು, ಕಿಟಕಿಯಲ್ಲಿ ಕೂತ ಕೋಚ್ ಅವರನ್ನು ನೋಡಿ, "ಮೈದಾನಕ್ಕ ಹೋಗೂಣೇನು?" ಎಂದಷ್ಟೇ ಕೇಳಿದನಂತೆ.

ನಾನು ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆ ದಿನ ಮೈದಾನದಲ್ಲಿ ಅವನಿಗೆ ಕಾರಣಗಳನ್ನೆಲ್ಲ ಹೇಳಿದ್ದೆ, ತಪ್ಪಾಯಿತು ಎಂದು ಮಾತ್ರ ಹೇಳಿರಲಿಲ್ಲ. "ಮಾರ್ಕೋ, ನಂದು ತಪ್ಪಾತು," ಅಂದೆ. "ಆ ಶನಿವಾರ ನಿಂದಿತ್ತು."

ಅವನು ಇರಲಿ ಬಿಡಿ ಎನ್ನಲಿಲ್ಲ. ನನ್ನನ್ನೇ ನೋಡಿದ. "ಹೌದ್ರಿ. ನಂದ ಇತ್ತು."

ಟ್ರಕ್ಕಿನ ಒಳಗಿನಿಂದ ಕೋಚ್ ಅವರ ಒಡಕು ದನಿ ಬಂತು. "ಮತ್ತ ಸುರು ಮಾಡಿದ್ಯಾ? ಪ್ರೊಫೆಸರ್, ಅವತ್ತು ನಾ ಮಾಡಿದ್ದು ತಪ್ಪು ಅಂತಾನ ಇಂವ. ನಾ ಅಲ್ಲ ಅಂತೀನಿ. ದಿನಾ ಇದ ಜಗಳ."

"ಅದನ್ನ ಹೇಳಾಕ ದಿನಾ ಬರ್ತೀನಿ," ಅಂದ ಮಾರ್ಕೋ, ಅವರ ಸೀಟುಬೆಲ್ಟನ್ನು ಎಳೆದು ಹಾಕುತ್ತಾ, ಹೊಟ್ಟೆಗೆ ಬಿಗಿಯಾಗದಂತೆ ಬೆರಳು ತೂರಿಸಿ ನೋಡುತ್ತಾ.

ಹಿಂದಿನ ಸೀಟಿನ ಮೇಲಿದ್ದ ಜ್ಯಾಕು, ಸ್ಪ್ಯಾನರು ಸರಿಸಿ ನನಗೂ ಜಾಗ ಮಾಡಿದ. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರು. ಮೈದಾನದ ತಿರುವಿನಲ್ಲಿ ಕೋಚ್ ಕತ್ತು ಹಿಂದೆ ಹೊರಳಿಸಿ, "ನೀವ ಹೇಳ್ರಿ ಪ್ರೊಫೆಸರ್, ಯಾರದು ಖರೆ?" ಅಂದರು. ಕನ್ನಡಿಯಲ್ಲಿ ಮಾರ್ಕೋನ ಕಣ್ಣೂ ನನ್ನ ಮೇಲೇ ಇತ್ತು.

ತಿಳಿಯಲಿಲ್ಲ ಎಂದು ಕೈ ಎತ್ತಿ ನನಗೆ ಅಭ್ಯಾಸವಿಲ್ಲ. ಎತ್ತಿಸಿಯೇ ಅಭ್ಯಾಸ.

"ನನಗ ಗೊತ್ತಿಲ್ಲ," ಅಂದೆ.

"ಅಗದೀ ಛಲೋ," ಅಂದ ಮಾರ್ಕೋ, ಗಾಡಿ ನಿಲ್ಲಿಸುತ್ತಾ. "ಹಂಗಾದ್ರ ಮುಂದಿನ ಗುರುವಾರನೂ ಬರ್ರಿ."